ಬ್ಯಾಡಗಿಯ ಕಂಪ್ಯೂಟರನ್ನು ರಾಣೆಬೆನ್ನೂರಿನಿಂದ ನೋಡಿದ್ದು

ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಅಲ್ಲಿರುವುದು ಒಂದೇ ಕಂಪ್ಯೂಟರು. ನಮ್ಮ ಸಾವಕಾರರ ಮನೆ ರಾಣೆಬೆನ್ನೂರಿನಲ್ಲಿ. ಮೊಣಕಾಲಿನ ಆಪರೇಶನ್ ಆಗಿ ಅವರು ಮನೆಯಲ್ಲೇ ಉಳಿಯಬೇಕಾದಾಗ, ಅಂಗಡಿಯ ಕಂಪ್ಯೂಟರನ್ನು ಅಲ್ಲಿಂದಲೇ ನಡೆಸುವ ಸಾಫ್ಟ್‌ವೇರ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

“ಛಲೋದು ಇರಬೇಕವಾ, ಮತ್ತ ಪುಕ್ಕಟೆ ಇರಬೇಕು,” ಅಂದರು.

ಪುಕ್ಕಟೆಯದನ್ನೇ ಹಾಕಿದೆ. ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೆ, ಪುಕ್ಕಟೆಯದು ಸ್ವಂತ ಬಳಕೆಗೆ ಮಾತ್ರ, ನೀವು ಇದನ್ನು ವ್ಯಾಪಾರಕ್ಕೆ ಬಳಸುತ್ತಿರುವಂತಿದೆ ಎಂದು ತೋರಿಸಿ ನಡುನಡುವೆ ಸಂಪರ್ಕ ಕಡಿಯತೊಡಗಿತು.

“ನಾವು ವ್ಯಾಪಾರ ಮಾಡ್ತೇವಂತ ಅದಕ್ಕ ಹೆಂಗ ಗೊತ್ತಾತು?” ಎಂದು ಸಾವಕಾರರು ಪರದೆಯ ಮೇಲಿದ್ದ ಮೆಣಸಿನಕಾಯಿ ರಾಶಿಯ ಚಿತ್ರ ತೆಗೆಸಿ ಮೊಮ್ಮಗಳ ಫೋಟೋ ಹಾಕಿಸಿದರು. ಸಾಫ್ಟ್‌ವೇರ್ ಮೊಮ್ಮಗಳಿಗೂ ಕರಗಲಿಲ್ಲ.

ದೊಡ್ಡ ಕಂಪನಿಯದರ ದರ ಹೇಳಿದೆ. “ಅಷ್ಟ ರೊಕ್ಕದಾಗ ನಾ ದಿನಾ ಕಾರ್ ಮಾಡ್ಕೊಂಡು ಬರ್ತೇನಿ,” ಅಂದರು. ಕಡೆಗೆ ಅಗ್ಗದ್ದೊಂದು ಸಿಕ್ಕಿತು. ತೊಡಕು ಒಂದೇ: ಅವರು ಒಳಗೆ ಬರುವಾಗಲೆಲ್ಲ ಅಂಗಡಿಯಲ್ಲಿ ಯಾರಾದರೂ ಒಪ್ಪಿಗೆಯ ಬಟನ್ ಒತ್ತಬೇಕು. ಹಾಗಾಗಿ ಒಂದು ಭಾನುವಾರ ಅವರು ಫೋನ್ ಮಾಡಿದಾಗ, ನಮ್ಮೂರು ಅಗಡಿಯಿಂದ ಹಾವೇರಿಗೆ ಬಂದು, ಬಸ್ ಬದಲಿಸಿ ಬ್ಯಾಡಗಿಗೆ ಹೋಗಿ, ಶಟರ್ ಎತ್ತಿ ಬಟನ್ ಒತ್ತಿದೆ. ಮೌಸಿನ ಬಾಣ ಪರದೆಯ ಮೇಲೆ ಸುಮ್ಮನೆ ಅತ್ತಿತ್ತ ಓಡಾಡಿತು. ಏನು ಬೇಕಿತ್ತೆಂದು ಫೋನಿನಲ್ಲಿ ಕೇಳಿದೆ.

“ಏನಿಲ್ಲವಾ, ಬರತೈತೋ ಇಲ್ಲೋ ಅಂತ ನೋಡಿದ್ನಿ.”

“ಸಾವಕಾರ್ರ, ಯಾರೂ ಇಲ್ದಾಗೂ ತೆರಿಯೂದು ತಗೋರಿ. ಮುಂದಿನ ಐತವಾರ ನಾ ಬರೂದಿಲ್ರಿ.”

ಅದಕ್ಕೂ ಚೌಕಾಸಿ ಮಾಡಲು ನೋಡಿದರು. ಆದರೆ ಮಾರುತ್ತಿದ್ದುದು ವೆಬ್‌ಸೈಟು. ಚೌಕಾಸಿಗೆ ಮನುಷ್ಯರೇ ಸಿಗಲಿಲ್ಲ. ವಿಧಿಯಿಲ್ಲದೆ ಕೊಂಡರು.

ಅಲ್ಲಿಂದ ನನಗೆ ಬಿಡುವು ತಪ್ಪಿತು. ಒಂದು ಅಂಕಿ ಬರೆದರೆ ಬಾಣ ಬಂದು ಅದರ ಮೇಲೆ ನಿಲ್ಲುತ್ತಿತ್ತು. ಊಟಕ್ಕೆ ಎದ್ದು ಬರುವಷ್ಟರಲ್ಲಿ ಪರದೆಯ ಮೇಲೆ ‘ಎಲ್ಲಿ ಹೋಗೀದಿ’ ಎಂದು ಬರೆದಿರುತ್ತಿತ್ತು. ಕಾಲು ವಾಸಿಯಾಗಿ, ಇನ್ನು ನಡೆದಾಡಿ ಎಂದು ಡಾಕ್ಟರು ಹೇಳಿದರೂ ಅವರು ಕುರ್ಚಿ ಬಿಡಲಿಲ್ಲ.

ಒಂದು ದಿನ ಅವರ ಹೆಂಡತಿ ಫೋನ್ ಮಾಡಿದರು. “ಹೆಂಗರ ಮಾಡಿ ಅದನ್ನ ಬಂದ್ ಮಾಡವಾ. ದಿನಾ ಮನ್ಯಾಗ ಕುಂತು ನನ್ನ ಅಡಗಿನೂ ತಪಾಸ ಮಾಡಾಕತ್ತಾರ.”

ನಾನು ಪಾಸ್‌ವರ್ಡ್ ಬದಲಿಸಿದೆ. ಮರುದಿನ ಮುಂಜಾನೆ ಸಾವಕಾರರು ಕೋಲಿಲ್ಲದೆ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. “ನಿನ್ನಿ ಸಂಜಿಯಿಂದ ತೆರಿಯವಲ್ದು, ಹಾಳಾದ್ದು,” ಎನ್ನುತ್ತ ಗಾದಿಯ ಮೇಲೆ ಕುಳಿತು, ಮೆಣಸಿನಕಾಯಿ ಘಾಟಿಗೆ ಜೋರಾಗಿ ಸೀನಿ, ಚಹಾ ತರಿಸಿದರು. ನನಗೂ ಒಂದು ಹೇಳಿದರು.