ಪ್ಲಗ್ಗಿನೊಳಗಿನ ಗರಿ

ರಾಯಚೂರಿನಲ್ಲಿ ನನ್ನದು ಆಂಪ್ಲಿಫೈಯರ್ ರಿಪೇರಿ ಅಂಗಡಿ. ಮಾನ್ವಿಯ ಒಂದು ಚರ್ಚಿನಿಂದ ಹಳೆಯ ಆರ್ಗನ್ನಿನ ಸ್ಪೀಕರ್ ಪೆಟ್ಟಿಗೆ ಬಂದಾಗ ಅದರ ಭಾರಕ್ಕೇ ನನಗೆ ಸಿಟ್ಟು ಬಂದಿತ್ತು. ಎದೆಮಟ್ಟದ ಮರದ ಪೆಟ್ಟಿಗೆ. ಒಳಗೆ ಮೋಟಾರಿನಿಂದ ತಿರುಗುವ ತುತ್ತೂರಿ. ಅದು ತಿರುಗಿದಂತೆ ನಾದವೂ ಸುತ್ತುತ್ತದೆ. ಸುಣ್ಣ ಹೊಡೆಯುವಾಗ ಯಾರೋ ಎಳೆದಾಡಿ ಪ್ಲಗ್ಗನ್ನು ಜಜ್ಜಿಹಾಕಿದ್ದರು. ಆರ್ಗನ್ ಬಾರಿಸುತ್ತಿದ್ದ ಹಿರಿಯರು ತೀರಿಕೊಂಡಿದ್ದರು. ಮರುದಿನ ಅವರ ನೆನಪಿನ ಪ್ರಾರ್ಥನೆ. ಅಷ್ಟರೊಳಗೆ, ಅವರು ಬಾರಿಸಿದ ಹಾಗೆಯೇ ಅದನ್ನು ಒಮ್ಮೆ ಕೇಳಬೇಕೆಂಬುದು ಅವರ ಹೆಂಡತಿಯ ಹಟ.

ಪ್ಲಗ್ಗು ಬಿಚ್ಚಿದರೆ ಪಿನ್ನುಗಳ ನಡುವೆ ಮಡಚಿ ತುರುಕಿದ ಒಣ ತಾಳೆಗರಿ! ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟದ್ದನ್ನು ವರ್ಷವಿಡೀ ಮನೆಯಲ್ಲಿಟ್ಟುಕೊಳ್ಳುತ್ತಾರೆ. ಈ ಪುಣ್ಯಾತ್ಮ ಸಡಿಲ ಪಿನ್ನಿಗೆ ಅದನ್ನೇ ಬೆಣೆ ಮಾಡಿದ್ದರು. ಬೆಂಕಿ ಹತ್ತಿದ್ದರೆ ಗತಿಯೇನೆಂದು ಬೈದುಕೊಂಡೆ. ಆದರೂ ಎಸೆಯಲು ಕೈ ಬರಲಿಲ್ಲ, ಜೇಬಿಗೆ ಹಾಕಿಕೊಂಡೆ. ಹೊಸ ಪಿನ್ನು ಕೂರಿಸಿ ಬೆಸುಗೆ ಹಾಕಿದೆ.

ಸಂಜೆ ಮಾನ್ವಿಗೆ ಒಯ್ದು ಜೋಡಿಸಿದೆ. ಚರ್ಚಿನಲ್ಲಿ ನಾನು, ಆ ಹಿರಿಯರ ಹೆಂಡತಿ, ಇಬ್ಬರೇ. ಆಕೆ ಸ್ಟೂಲಿನ ಪಕ್ಕ ನಿಂತು ಒಂದು ಕೀ ಒತ್ತಿದರು. ನಾದ ನುಣ್ಣಗೆ ಸುತ್ತಿತು. ನಾನು ಬೀಗುತ್ತ ನೋಡಿದರೆ ಆಕೆಯ ಮುಖ ಸಣ್ಣದಾಗಿತ್ತು.

"ಇದು ಅವರಲ್ರೀ. ಅವರಿಗೆ ದಮ್ಮಿನ ಬ್ಯಾನಿ ಇತ್ತು. ಈ ಪೆಟ್ಟಿಗಿನೂ ಅವರಂಗ ತೇಕತಿತ್ತು. ಒಳಗ ಗರಿ ಇತ್ತಲ್ರೀ, ನಾನ ಮಡಚಿ ಕೊಟ್ಟಿದ್ದೆ. ಎಲ್ಲದ?"

ಜೇಬಿನಿಂದ ಗರಿ ತೆಗೆದೆ. ಸ್ವಿಚ್ ಆರಿಸಿ, ಪಿನ್ನು ಸಡಿಲಿಸಿ, ಗರಿಯನ್ನು ಮತ್ತೆ ತುರುಕಿದೆ. ಸ್ವಿಚ್ ಹಾಕಿದೆ. ಆಕೆ ಅದೇ ಕೀ ಒತ್ತಿದರು. ತುತ್ತೂರಿ ತಡವರಿಸಿತು, ಓಡಿತು, ಮತ್ತೆ ತಡವರಿಸಿತು. ಮುದುಕರು ಮೆಟ್ಟಿಲು ಹತ್ತುವಾಗಿನ ಹಾಗೆ ನಾದ ಏದುಸಿರು ಬಿಡುತ್ತಿತ್ತು.

"ಸಾವಕಾಶ ಬಾರಸ್ರಿ," ಎಂದರು ಆಕೆ, ಖಾಲಿ ಸ್ಟೂಲಿನ ಕಡೆ ತಿರುಗಿ. ಕೀ ಒತ್ತಿದ ಬೆರಳು ತನ್ನದೇ ಎಂಬುದು ಮರೆತಂತಿತ್ತು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಸ್ವಿಚ್ ಆರಿಸಿಬಿಟ್ಟೆ.

ನಾದ ನಿಂತಿತು. ಪೆಟ್ಟಿಗೆಯ ಸೀಳುಗಳಿಂದ ಗಾಳಿ ಮಾತ್ರ ಬರುತ್ತಲೇ ಇತ್ತು. ಆಕೆ ಅದಕ್ಕೆ ಅಂಗೈ ಒಡ್ಡಿದರು.

"ಕರೆಂಟ್ ಹೋದ್ರೂ ಸ್ವಲ್ಪ ಹೊತ್ತು ತಿರಗತದ ಯವ್ವಾ, ಏನಿಲ್ಲ," ಎಂದೆ.

"ಗೊತ್ತದ್ರೀ. ಅವತ್ತೂ ಅವರ ಉಸಿರು ಇದೇ ಅಂಗೈ ಮ್ಯಾಲ, ಹಿಂಗ ಕಮ್ಮಿ ಆಕ್ಕೋತ ಬಂದು ನಿಂತಿತ್ತು."

ಗಾಳಿ ನಿಂತ ಮೇಲೂ ಕೈ ತೆಗೆಯಲಿಲ್ಲ. ಆಮೇಲೆ ಗರಿಯನ್ನು ಕೇಳಿ ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು.

"ಈಗ ಗಟ್ಟಿ ಮಾಡ್ರಿ. ನಾಳಿ ಮಂದಿಗಿ ಚಲೋ ಕೇಳಲಿ."

ನಾನು ಪಿನ್ನು ಬಿಗಿ ಮಾಡಿದೆ.