ಮುರುಗೇಶ ಕಂಡ ಮೀನು

ಕ್ರೇನಿನ ಕೊಕ್ಕೆಗೆ ಟೀ ಕ್ಯಾನು ಸಿಕ್ಕಿಸಿ, ಒಂದು ಹನಿ ಚೆಲ್ಲದೆ ಇಡೀ ಶೆಡ್ಡು ದಾಟಿಸಿ ನಮ್ಮ ಮುಂದೆ ಇಳಿಸುತ್ತಿದ್ದವನು ಮುರುಗೇಶ. ಭದ್ರಾವತಿಯ ಕಾರ್ಖಾನೆಯಲ್ಲಿ ಅವನು ಮೇಲೆ ಕ್ರೇನಿನಲ್ಲಿ, ನಾನು ಕೆಳಗೆ ಸೀಟಿ ಊದಿ ಅವನಿಗೆ ದಾರಿ ಹೇಳುವವನು. ಕಾದ ಕಬ್ಬಿಣ ತುಂಬಿದ ಬಕೆಟ್ಟು ತಲೆಯ ಮೇಲೆ ಹಾಯುವಾಗಲೂ ನಾವು ಕತ್ತೆತ್ತಿ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ.

ನನ್ನ ವಿಷಯ ಬೇರೆ. ಓಲ್ಡ್ ಟೌನಿನಲ್ಲಿ ನನ್ನಿಂದ ಬೇಸ್ತು ಬೀಳದವರು ಇನ್ನೂ ಹುಟ್ಟಿಲ್ಲ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗೆ ಮದುವೆ ಎಂದು ನಂಬಿಸಿ ಒಂದು ಲಾರಿ ಜನರನ್ನು ಕಳಿಸಿದವನು ನಾನು. ಮುರುಗೇಶನೊಬ್ಬನೇ ಸಿಕ್ಕಿಬಿದ್ದಿರಲಿಲ್ಲ. "ಸುಳ್ಳು ಹೇಳೋವಾಗ ನಿನ್ ಎಡಗಡೆ ಮೀಸೆ ಕುಣಿಯುತ್ತೆ ಕಣಪ್ಪಾ" ಎನ್ನುತ್ತಿದ್ದ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹತ್ತು ಜನ ಕರಾವಳಿಗೆ ಟೂರ್ ಹೋಗಿ, ನಮ್ಮ ಕಡಲಿನ ಮೀನುಗಳನ್ನೇ ಸಾಕಿದ್ದ ದೊಡ್ಡ ಅಕ್ವೇರಿಯಂ ಹೊಕ್ಕೆವು. ಒಳಗೆಲ್ಲ ಮಬ್ಬು. ಒಂದು ತೊಟ್ಟಿಯಲ್ಲಿ ಬರೀ ನೀರು, ಕಲ್ಲು, ಗುಳ್ಳೆ. ಮೀನು ಇನ್ನೂ ಬಿಟ್ಟಿರಲಿಲ್ಲ. ನಾನು ಸುಮ್ಮನಿರುತ್ತೇನೆಯೇ?

"ಮುರುಗೇಶಾ, ಇಲ್ನೋಡು ಮಾರಾಯ, ಶಾರ್ಕ್ ಮರಿ."

ಗಾಜಿಗೆ ಮೂಗು ಒತ್ತಿದ. "ಅಬ್ಬಾ, ಏನ್ ಬಾಲ ಕಣಪ್ಪಾ ಇದರದ್ದು."

ಹಿಂದಿದ್ದವರು ಕಿಸಕ್ಕೆಂದರು. ನನಗೂ ನಗು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಅವನ ಕೈ ಗೋಡೆ ತಡವುತ್ತ ಮುಂದಿನ ದಾರಿ ಹುಡುಕುತ್ತಿದ್ದುದು ಕಂಡಿತು.

"ನಗ್ಬೇಡ್ರೋ, ಈಗಷ್ಟೇ ಕಲ್ಲಿನ ಹಿಂದೆ ಹೋಯ್ತು" ಎಂದು ಅವರ ಬಾಯಿ ಮುಚ್ಚಿಸಿದೆ.

ಹೊರಗೆ ಬೆಂಚಿನ ಮೇಲೆ ಕೂತು ಕೇಳಿದೆ. "ಎಷ್ಟು ದಿನದಿಂದ?"

"ವರ್ಷ ಆಯ್ತು. ಬೆಳಕಲ್ಲಿ ಹೆಂಗೋ ಕಾಣುತ್ತೆ, ಮಬ್ಬಾದ್ರೆ ಎಲ್ಲಾ ಹೊಗೆ. ನಿನ್ ಸೀಟಿ ಕೇಳ್ಕೊಂಡು ಓಡಿಸ್ತಿದೀನಿ."

"ಕೆಳಗೆ ನಾವಿರ್ತೀವಲ್ಲೋ. ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಕ್ರೇನ್ ಇಳಿದ್ರೆ ನಾನು ಯಾರಪ್ಪಾ?" ಎಂದವನು ನನ್ನ ಕಡೆ ತಿರುಗಿ ಕೇಳಿದ, "ಆ ತೊಟ್ಟೀಲಿ ಮೀನಿತ್ತಾ?"

"ಇರ್ಲಿಲ್ಲ ಮಾರಾಯ."

ಸೋಮವಾರ ಅವನೇ ಫೋರ್‌ಮನ್ನಿಗೆ ಹೇಳಿ ಕ್ರೇನು ಬಿಟ್ಟ. ಆಮೇಲೆ ಸ್ಟೋರಿನಲ್ಲಿ ಕೂತು, ಬೆರಳಲ್ಲಿ ತಡವಿಯೇ ಸ್ಪ್ಯಾನರಿನ ನಂಬರು ಹೇಳಿ ಕೊಡುತ್ತಿದ್ದ. ನನ್ನ ಹತ್ತಿರ ಆರು ತಿಂಗಳು ಮಾತು ಬಿಟ್ಟ. ಏಳನೇ ತಿಂಗಳು ನನ್ನ ಟಿಫಿನ್ ಬಾಕ್ಸಿನಲ್ಲಿ ಚಿತ್ರಾನ್ನದ ಬದಲು ನಟ್ಟು ಬೋಲ್ಟು ಸಿಕ್ಕವು. ರಾಜಿಯಾಯಿತು ಎಂದು ತಿಳಿದೆ.

ಅವನು ತೀರಿಕೊಳ್ಳುವ ಹಿಂದಿನ ವಾರ ನೋಡಲು ಹೋಗಿದ್ದೆ. ಕಣ್ಣು ಪೂರ್ತಿ ಹೋಗಿತ್ತು.

"ಅವತ್ತು ನಾನೇನೂ ನೋಡ್ಲಿಲ್ಲ. ಉಳಿದ ತೊಟ್ಟೀಲಿ ಏನೇನಿತ್ತು, ನಿಜ ಹೇಳು" ಎಂದ.

ಒಂದು ಸುಳ್ಳೂ ಬೆರೆಸದೆ ಹೇಳಿದೆ. ನಿಂತುಕೊಂಡೇ ಈಜುವ ಕಡಲಕುದುರೆ. ಅದರಲ್ಲಿ ಗಂಡೇ ಬಸುರಾಗುವುದು. ಹೆದರಿದರೆ ಚೆಂಡಿನಂತೆ ಊದಿಕೊಳ್ಳುವ ಮೀನು. ಕಣ್ಣು ಬೆನ್ನಿನ ಕಡೆ, ಬಾಯಿ ಹೊಟ್ಟೆಯ ಕಡೆ ಇರುವ, ಕಂಬಳಿಯಂತೆ ಹರಡಿದ ಇನ್ನೊಂದು.

ಮುರುಗೇಶ ಕೆಮ್ಮು ಬರುವವರೆಗೆ ನಕ್ಕ. ಹೆಂಡತಿ ನೀರು ತಂದಳು. "ನೋಡೇ, ಸಾಯೋವಾಗ್ಲೂ ಬಿಡಲ್ಲ ಇವನು. ಗಂಡು ಬಸುರಾಗುತ್ತಂತೆ."

"ಸುಳ್ಳೇ ಮಾರಾಯ" ಎಂದು ಒಪ್ಪಿಕೊಂಡೆ.