ತಕ್ಕಡಿ ಅಕ್ಕನಿಗೆ ಸೋಮವಾರದವರೆಗೆ ಗಡುವು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ದಿನಸಿ ಅಂಗಡಿಯ ಶಟರು ಎಂದಿನಂತೆ ಅರ್ಧಕ್ಕೇ ಸಿಕ್ಕಿಕೊಂಡಿದೆ. ಆಕೆ ಎಡಗಾಲಿನಿಂದ ಅದರ ಮೂಲೆಗೊಂದು ಒದೆ ಕೊಡುತ್ತಾರೆ, ಅದು ಗೊಣಗುತ್ತಾ ಮೇಲೇರುತ್ತದೆ. ದೀಪ ಹಾಕಿದವರೇ ನೇರ ಸಕ್ಕರೆ ಮೂಟೆಯ ಕಡೆಗೆ ಹೋಗುತ್ತಾರೆ. ಒಂದು ಬೊಗಸೆ, ಮೇಲೆ ಅರ್ಧ ಬೊಗಸೆ, ಕಾಗದದ ಪೊಟ್ಟಣ, ಎರಡು ಸುತ್ತು ದಾರ. ತಕ್ಕಡಿಗೆ ಇಟ್ಟರೆ ಮುಳ್ಳು ಅರ್ಧ ಕಿಲೋ ಗೆರೆಯ ಮೇಲೆ ಸರಿಯಾಗಿ ನಿಲ್ಲುತ್ತದೆ. ಸೇರಿಸುವುದಾಗಲಿ ತೆಗೆಯುವುದಾಗಲಿ ಏನೂ ಇಲ್ಲ.

"ಮೊದಮೊದಲು ತೂಗಿ ಕಟ್ತಿದ್ದೆ. ಈಗ ಕಟ್ಟಿ ತೂಗ್ತೀನಿ. ಜನಕ್ಕೆ ನಂಬಿಕೆ ಬರಲಿ ಅಂತ, ಅಷ್ಟೇ" ಎನ್ನುತ್ತಾರೆ.

ಬೀದಿಯವರು ಕರೆಯುವುದು ತಕ್ಕಡಿ ಅಕ್ಕ ಎಂದು. ವಯಸ್ಸು ನಲವತ್ತೆಂಟು. ಮಗಳು ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ ಇಲ್ಲಿಗೆ ಕೆಲಸಕ್ಕೆ ಸೇರಿದವರು. ಮಧ್ಯಾಹ್ನ ಮಗುವನ್ನು ಅಕ್ಕಿ ಮೂಟೆಗಳ ನಡುವೆ ಮಲಗಿಸುತ್ತಿದ್ದರಂತೆ. ಈಗ ಆ ಮಗಳು ಕಾಲೇಜಿಗೆ ಹೋಗುತ್ತಾಳೆ. ಅಂಗಡಿಯ ಯಜಮಾನರಿಗೆ ಎಪ್ಪತ್ತಾರು, ಕಣ್ಣು ಮಂಜು. ಹಿಟ್ಟಿನ ಡಬ್ಬಗಳನ್ನು ಮೂಸಿ ಗುರುತಿಸುತ್ತಾರೆ. ಮೇಲಿನ ಅಟ್ಟದಿಂದ ಸಾಮಾನು ಇಳಿಸುವುದು, ಹುಳ ಬಿದ್ದ ಬೇಳೆಯನ್ನು ಬಿಸಿಲಿಗೆ ಹರಡುವುದು, ಯಾರ ಮನೆಗೆ ಏನು ಎಷ್ಟು ಎಂಬ ನೆನಪು, ಎಲ್ಲವೂ ಅಕ್ಕನದೇ.

ರಸ್ತೆಯಾಚೆ ನಾಲ್ಕು ತಿಂಗಳ ಹಿಂದೆ ರಿಯಾಯಿತಿ ದರದ ಸೂಪರ್ ಮಾರ್ಕೆಟ್ ತೆರೆದಿದೆ. ಅದಕ್ಕೆ ಮುಂಚೆ ದಿನಕ್ಕೆ ನೂರ ನಲವತ್ತು ಪೊಟ್ಟಣ ಕಟ್ಟುತ್ತಿದ್ದ ಕೈಗೆ ಈಗ ಅರವತ್ತು ಸಾಕಾಗುತ್ತದೆ. ಅದೇ ಸೂಪರ್ ಮಾರ್ಕೆಟ್ಟಿನವರು ಆಕೆಯನ್ನು ಕೆಲಸಕ್ಕೆ ಕರೆದಿದ್ದಾರೆ. ವಾರಕ್ಕೊಂದು ರಜೆ, ಜೊತೆಗೆ ಆರೋಗ್ಯ ವಿಮೆ. ಮಂಡಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವೈದ್ಯರು ಹೇಳಿ ಎರಡು ವರ್ಷವಾಗಿದೆ. ಉತ್ತರ ಸೋಮವಾರದೊಳಗೆ ಹೇಳಬೇಕು. ಅಕ್ಕ ಹೋದರೆ ಈ ಅಂಗಡಿ ಮುಚ್ಚುತ್ತದೆ. ಅದು ಅವರಿಗೂ ಗೊತ್ತು, ಯಜಮಾನರಿಗೂ ಗೊತ್ತು.

ಪರೀಕ್ಷೆಗೆಂದು ಹೋದ ವಾರ ಒಂದು ದಿನ ಅಲ್ಲಿ ಕೆಲಸ ಮಾಡಿ ಬಂದಿದ್ದಾರೆ. ಹತ್ತು ಗಂಟೆಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಹಳೆಯ ಗಿರಾಕಿಯೊಬ್ಬರು, ನಿವೃತ್ತ ಅಂಚೆಯಣ್ಣ, ಎರಡು ಕೊಂಡರೆ ಒಂದು ಉಚಿತವೆಂದು ಮೂರು ಡಬ್ಬ ಎಣ್ಣೆ ತಬ್ಬಿಕೊಂಡು ಬಂದರು.

"ಮನೇಲಿ ಇರೋದು ನೀವೊಬ್ರು. ಮೂರು ಡಬ್ಬ ಎಣ್ಣೆ ಸ್ನಾನಕ್ಕಾ?" ಎಂದುಬಿಟ್ಟರು ಅಕ್ಕ.

ಅಂಚೆಯಣ್ಣ ಎರಡನ್ನು ವಾಪಸ್ ಇಟ್ಟು ಬಂದರು. ಹಿಂದೆಯೇ ನಿಂತಿದ್ದ ಮ್ಯಾನೇಜರ್, ಅಕ್ಕನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳಂತೆ: "ಅಮ್ಮ, ಇಲ್ಲಿ ಬೇಡ ಅನ್ನೋಕೆ ಸಂಬಳ ಕೊಡಲ್ಲ."

ಇದನ್ನು ಹೇಳುವಾಗ ಅಕ್ಕ ನಗುತ್ತಾರೆ. "ನಂಗೆ ಗೊತ್ತಿರೋ ವ್ಯಾಪಾರ ಅದೇ. ಜಾಸ್ತಿ ಕೊಟ್ರೆ ಮನೇಲಿ ಮುಗ್ಗುತ್ತೆ. ಮುಗ್ಗಿದ್ದಕ್ಕೆ ಬೈಸ್ಕೊಳ್ಳೋಳು ನಾನು. ಅಲ್ಲಿ ಬೈಯೋಕೆ ಯಾರ ಹತ್ರ ಹೋಗ್ತಾರೆ?"

ಆದರೂ ಮ್ಯಾನೇಜರ್ ಅಕ್ಕನನ್ನು ಕೈಬಿಟ್ಟಿಲ್ಲ. ಮೂರು ಜನ ಬೆಳಗಿಡೀ ಜೋಡಿಸುವ ಕಪಾಟುಗಳನ್ನು ಅಕ್ಕ ಅಂದು ಒಬ್ಬರೇ ಜೋಡಿಸಿದ್ದರು.

ಇತ್ತ ಯಜಮಾನರು ಮೂರು ದಿನ ಆ ಮಾತೇ ಎತ್ತಿರಲಿಲ್ಲ. ಶನಿವಾರ ಬೆಳಗ್ಗೆ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೇಳುತ್ತಾರೆ.

"ಹೂಂ ಅಂದ್ಯಾ ಅವರಿಗೆ?"

"ಇನ್ನೂ ಇಲ್ಲ."

"ನೀನು ಹೂಂ ಅನ್ನದೇ ಹೋದ್ರೆ ನಾನೇ ಅಂಗಡಿಗೆ ಬೀಗ ಹಾಕ್ತೀನಿ."

"ಹಾಕಿ, ನೋಡೋಣ. ಬೀಗ ಎಲ್ಲಿದೆ ಅಂತಾನಾದ್ರೂ ಗೊತ್ತಾ ಯಜಮಾನ್ರೇ?"

ಯಜಮಾನರಿಗೆ ಗೊತ್ತಿಲ್ಲ. ಆದರೂ ಅವರೆನ್ನುತ್ತಾರೆ: "ನನ್ನ ಕಣ್ಣು ಹೋಯ್ತು, ಇರಲಿ. ನಿನ್ನ ಕಾಲೂ ಇಲ್ಲೇ ಹೋಗೋದು ಬೇಡ." ಅಕ್ಕ ಬೇಳೆ ಕೇರಲು ಕೂರುತ್ತಾರೆ. ಕೂರುವಾಗ ಕಪಾಟನ್ನು ಹಿಡಿದುಕೊಳ್ಳುತ್ತಾರೆ.

ಭಾನುವಾರ ಮಧ್ಯಾಹ್ನ ಅವರ ಒಂದು ಕೋಣೆಯ ಮನೆಯಲ್ಲಿ ಮಗಳು ಅರ್ಜಿ ತುಂಬುತ್ತಿದ್ದಾಳೆ. ಹಿಂದಿನ ಕೆಲಸದಲ್ಲಿ ಹುದ್ದೆ ಎಂಬಲ್ಲಿ 'ಸಹಾಯಕಿ' ಎಂದು ಬರೆದಿದ್ದಾಳೆ. ಒಗೆದ ಬಟ್ಟೆ ಮಡಿಸುತ್ತಿದ್ದ ಅಕ್ಕ ಬಗ್ಗಿ ನೋಡುತ್ತಾರೆ.

"ಅದನ್ನ ಹೊಡೆದುಹಾಕು."

"ಮತ್ತೇನಮ್ಮ ಬರೀಲಿ?"

"ಅಂಗಡಿ ನಡೆಸ್ತಿದ್ದೆ ಅಂತ ಬರಿ."

"ಮಾಲೀಕರ ಸಹಿ ಬೇಕು ಇದಕ್ಕೆ. ಅವರು ಒಪ್ಪದೇ ಇದ್ರೆ?"

"ಒಪ್ಪದೇ ಇದ್ರೆ ಈ ಅರ್ಜೀನೇ ಬೇಡ."

ಸೋಮವಾರ ಬೆಳಗ್ಗೆ ಯಜಮಾನರು ಅರ್ಜಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಾರೆ. ಹೊಡೆದುಹಾಕಿದ ಪದದ ಹತ್ತಿರ ಬೆರಳು ನಿಲ್ಲುತ್ತದೆ, ಮುಂದೆ ಹೋಗುತ್ತದೆ. ಅಕ್ಕ ಗಿರಾಕಿಯೊಬ್ಬರಿಗೆ ಸಾಬೂನು ಕೊಡುವ ನೆಪದಲ್ಲಿ ಮುಖ ಆಚೆ ತಿರುಗಿಸಿದ್ದಾರೆ.

"ಎಷ್ಟು ವರ್ಷ ಅಂತ ಬರೆದೇ ಇಲ್ವಲ್ಲ" ಎಂದು ಯಜಮಾನರು ಪೆನ್ನು ಕೇಳುತ್ತಾರೆ. 'ಅಂಗಡಿ ನಡೆಸುತ್ತಿದ್ದೆ' ಎಂಬುದರ ಮುಂದೆ, ಗೆರೆ ದಾಟಿದ ದೊಡ್ಡ ಅಕ್ಷರಗಳಲ್ಲಿ, 'ಹತ್ತೊಂಬತ್ತು ವರ್ಷ' ಎಂದು ತಾವೇ ಬರೆದು ಕೆಳಗೆ ಸಹಿ ಹಾಕುತ್ತಾರೆ.